ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ಕ್ಯಾಂಪಸ್ಸಿನಲ್ಲೇ ಕಲಿಸಿ: ಕುಲಪತಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಮತ್ತು ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿಗೆ,

ನಮಸ್ಕಾರ.

ನಾನು ಎಂಎಸ್‌ಡಬ್ಲ್ಯು, ಅಂದರೆ ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಓದಿದವಳು. 13 ವರ್ಷದಿಂದ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ಮೊದಲು ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದೆ. ಈಗ ಒಂದು ಕಾಲೇಜಿನಲ್ಲಿ ಆಪ್ತಸಮಾಲೋಚಕಿ. ನಿಮ್ಮ ಮುಂದೆ ಒಂದು ಬೇಡಿಕೆ ಇಡಬೇಕಿದೆ. ಅದಕ್ಕೂ ಮೊದಲು ಒಂದು ರಾತ್ರಿಯ ಕಥೆ ಹೇಳಬೇಕು.

ವಾರ್ಡನ್ ಆಗಿ ಸೇರಿ ಮೂರು ವಾರ ಆಗಿತ್ತು. ರಾತ್ರಿ ಹತ್ತೂವರೆ. ಇಬ್ಬರು ಹುಡುಗಿಯರು ಓಡಿ ಬಂದರು. 'ಮೇಡಂ, ಹನ್ನೆರಡನೇ ರೂಮಿನವಳು ಮಧ್ಯಾಹ್ನದಿಂದ ಬಾಗಿಲು ತೆಗೆದಿಲ್ಲ.' ಮೊದಲ ವರ್ಷದ ಬಿಎಸ್ಸಿ ಹುಡುಗಿ. ನಾನು ಹೋಗಿ ಬಾಗಿಲು ತಟ್ಟಿದೆ. 'ಏನಾಯ್ತು? ಬಾಗಿಲು ತೆಗಿ. ಏನಿದ್ರೂ ಹೇಳು, ಪರಿಹಾರ ಮಾಡೋಣ' ಅಂದೆ. ನನ್ನ ಬೆನ್ನ ಹಿಂದೆ ಇಪ್ಪತ್ತು ಹುಡುಗಿಯರು ನಿಂತು ನೋಡುತ್ತಿದ್ದರು. ಒಳಗಿನಿಂದ ಸದ್ದಿಲ್ಲ. ಮತ್ತೆ ತಟ್ಟಿದೆ, ಇನ್ನೂ ಜೋರಾಗಿ. ಎರಡು ವರ್ಷ ಸಮಾಲೋಚನೆಯ ಬಗ್ಗೆ ಪೇಪರ್ ಬರೆದು ಒಳ್ಳೆ ಅಂಕ ತೆಗೆದವಳು ನಾನು. ಆದರೆ ಮುಚ್ಚಿದ ಬಾಗಿಲಿನ ಮುಂದೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಕೈ ನಡುಗುತ್ತಿತ್ತು.

ಅಡುಗೆಮನೆಯಿಂದ ಅಡುಗೆಯ ಅಕ್ಕ ಬಂದರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮೊದಲು ಹುಡುಗಿಯರನ್ನೆಲ್ಲ ಅವರವರ ರೂಮಿಗೆ ಕಳಿಸಿದರು. ಕಾರಿಡಾರಿನ ಲೈಟುಗಳಲ್ಲಿ ಒಂದನ್ನು ಆರಿಸಿದರು. ಆಮೇಲೆ ಬಾಗಿಲ ಪಕ್ಕ ನೆಲದ ಮೇಲೆ ಕೂತರು. ನನ್ನ ಕೈ ಹಿಡಿದು ಕೂರಿಸಿದರು. ಬಾಗಿಲು ತಟ್ಟಲಿಲ್ಲ. 'ಮಗಾ, ನಾನು. ನಿನ್ನ ಊಟ ಎತ್ತಿಟ್ಟಿದೀನಿ. ನಿಧಾನಕ್ಕೆ ಬಾ. ಇಲ್ಲೇ ಕೂತಿರ್ತೀನಿ. ನೀನು ಅಲ್ಲಿ ಇದೀಯ ಅಂತ ಒಂದು ಸಲ ಹೂಂ ಅನ್ನು ಸಾಕು.' ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ 'ಹೂಂ' ಅಂತ ಕೇಳಿಸಿತು. ಅರ್ಧ ಗಂಟೆಗೆ ಚಿಲಕ ತೆಗೆದ ಸದ್ದಾಯಿತು.

ಅವಳು ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು. ಆವತ್ತು ಕ್ಲಾಸಿನಲ್ಲಿ ಎದ್ದು ನಿಂತು ಇಂಗ್ಲಿಷ್ ಪಾಠ ಓದಬೇಕಾಯಿತಂತೆ. ತಪ್ಪಾಗಿ ಉಚ್ಚರಿಸಿದಳು, ಎಲ್ಲರೂ ನಕ್ಕರು. 'ನನ್ನನ್ನ ಊರಿಗೆ ಕಳಿಸಿಬಿಡಿ' ಅಂತ ಒಂದೇ ಮಾತು. ತಟ್ಟೆಯಲ್ಲಿ ಮುದ್ದೆ ಆರಿ ಗಟ್ಟಿಯಾಗಿತ್ತು. ಅದನ್ನೇ ಮುರಿದು ಮುರಿದು ತಿಂದಳು.

ಅಡುಗೆಯ ಅಕ್ಕ ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. 20 ವರ್ಷ ಆ ಹಾಸ್ಟೆಲ್ಲಿನಲ್ಲಿ ಇದ್ದು ಕಲಿತಿದ್ದರು. ಆದರೆ ಪ್ರತಿಯೊಬ್ಬ ವಾರ್ಡನ್ನೂ, ಪ್ರತಿಯೊಬ್ಬ ಸಮಾಲೋಚಕಿಯೂ 20 ವರ್ಷ ಕಳೆದ ಮೇಲೆ ಕಲಿಯಲಿ ಅಂತ ಬಿಡುವುದಕ್ಕೆ ಆಗುತ್ತಾ? ಅಷ್ಟರಲ್ಲಿ ಎಷ್ಟು ಮಕ್ಕಳು ಬಂದು ಹೋಗಿರುತ್ತಾರೆ. ಆ ಅನುಭವವನ್ನು ಎರಡು ವರ್ಷದಲ್ಲಿ, ಬಲ್ಲವರೊಬ್ಬರ ಕಣ್ಣಳತೆಯಲ್ಲಿ, ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶ ಕೊಟ್ಟು ಕಲಿಸಬೇಕು. ಎಂಎ, ಎಂಎಸ್‌ಡಬ್ಲ್ಯು ಕೋರ್ಸುಗಳು ಇರುವುದೇ ಅದಕ್ಕೆ ಅಲ್ವಾ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಮುಂದೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬರುವವರಿಗೆ ನಿಮ್ಮ ಕ್ಯಾಂಪಸ್ಸನ್ನೇ ಪಾಠಶಾಲೆ ಮಾಡಿ. ನಿಮ್ಮ ಹಾಸ್ಟೆಲ್ಲಿನಲ್ಲಿ, ನಿಮ್ಮ ವಿದ್ಯಾರ್ಥಿ ಕಲ್ಯಾಣ ವಿಭಾಗದಲ್ಲಿ, ನಿಮ್ಮ ಸ್ಕಾಲರ್‌ಶಿಪ್ ಕೌಂಟರಿನಲ್ಲಿ ಅವರು ಕೈಯಾರೆ ಕೆಲಸ ಮಾಡಿ ಕಲಿಯಲಿ.

ಈ ಕೆಲಸ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರಗಿನವರಿಗೆ ಇದು ಒಂದು ಕೆಲಸ ಅಂತಲೇ ಕಾಣುವುದಿಲ್ಲ. ಅಡ್ಮಿಷನ್ ದಿನ ಅಪ್ಪನ ಜೊತೆ ಬಂದು ಯಾವ ಕೌಂಟರ್ ಅಂತ ತಿಳಿಯದೆ ನಿಂತ ಹುಡುಗನಿಂದ ಇದು ಶುರುವಾಗುತ್ತದೆ. ರೂಂಮೇಟ್ ಜೊತೆ ಜಗಳ. ಹಾಸ್ಟೆಲ್ ಸಾರು ನೀರಾಗಿದೆ ಅನ್ನುವ ದೂರು. ರ‍್ಯಾಗಿಂಗ್. ಜಾತಿ ಎತ್ತಿ ಆಡಿದ ಒಂದು ಮಾತು. ಕಣ್ಣು ಕಾಣದ ವಿದ್ಯಾರ್ಥಿಗೆ ಪರೀಕ್ಷೆ ಬರೆದುಕೊಡುವವರನ್ನು ಹುಡುಕುವುದು. ಮನೆಯಲ್ಲಿ ಮದುವೆ ನಿಶ್ಚಯ ಮಾಡಿದ್ದಾರೆ, ಓದು ನಿಲ್ಲಿಸಬೇಕಂತೆ ಅಂತ ಅಳುತ್ತಾ ಬರುವ ಹುಡುಗಿ. ಇದೆಲ್ಲ ಸಿಲೆಬಸ್ಸಿನ ಹೊರಗಿನ ವಿಷಯ. ಆದರೆ ಒಬ್ಬ ವಿದ್ಯಾರ್ಥಿ ಡಿಗ್ರಿ ಮುಗಿಸುತ್ತಾನೋ ಇಲ್ಲವೋ ಅನ್ನುವುದು ಬಹಳ ಸಲ ಇಲ್ಲೇ ತೀರ್ಮಾನ ಆಗುತ್ತದೆ.

ಸ್ಕಾಲರ್‌ಶಿಪ್ ಒಂದನ್ನೇ ತೆಗೆದುಕೊಳ್ಳಿ. ನಮ್ಮ ಮಕ್ಕಳು ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕುತ್ತಾರೆ. ಎಲ್ಲ ಸರಿ ಇದೆ ಅಂತ ಕಾಣುತ್ತದೆ. ದುಡ್ಡು ಮಾತ್ರ ಬರುವುದಿಲ್ಲ. ಬ್ಯಾಂಕಿಗೆ ಹೋದರೆ 'ಆಧಾರ್ ಲಿಂಕ್ ಆಗಿದೆಯಲ್ಲಮ್ಮ' ಅನ್ನುತ್ತಾರೆ. ಆದರೆ ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಮ್ಯಾಪಿಂಗ್ ಬೇರೆ. ಮ್ಯಾಪಿಂಗ್ ಯಾವ ಬ್ಯಾಂಕಿಗೆ ಆಗಿದೆಯೋ ಅಲ್ಲಿಗೇ ಸರ್ಕಾರದ ದುಡ್ಡು ಹೋಗುವುದು. ಒಬ್ಬ ಹುಡುಗ ಐದು ತಿಂಗಳು ಅಲೆದಿದ್ದ. ಕೊನೆಗೆ ನೋಡಿದರೆ, ಯಾವಾಗಲೋ ಅವನ ತಾಯಿ ತೆರೆಸಿದ್ದ ಹಳೇ ಖಾತೆಗೆ ದುಡ್ಡು ಬಂದು ಬಿದ್ದಿತ್ತು. ಅಷ್ಟರಲ್ಲಿ ಅವನು ಫೀಸು ಕಟ್ಟಲಾಗದೆ ಕಾಲೇಜು ಬಿಟ್ಟು ಗ್ಯಾರೇಜಿಗೆ ಸೇರಿದ್ದ. ನಾವು ಹೋಗಿ ಕರೆದುಕೊಂಡು ಬಂದೆವು. ಈ ಒಂದು ಸಣ್ಣ ವಿಷಯ ಯಾವ ಸಮಾಲೋಚನೆಯ ಪಠ್ಯದಲ್ಲೂ ಇಲ್ಲ. ಕೌಂಟರಿನಲ್ಲಿ ಒಂದು ತಿಂಗಳು ಕೂತವರಿಗೆ ತಾನಾಗೇ ಗೊತ್ತಾಗುತ್ತದೆ.

ನಮ್ಮ ನಾಡಿಗೆ ಓದುವ ಮಕ್ಕಳನ್ನು ಸಾಕುವುದು ಹೊಸದೇನಲ್ಲ. ವಾರಾನ್ನ ಅಂತ ಒಂದು ಪದ್ಧತಿ ಇತ್ತು. ಬಡ ಹುಡುಗನೊಬ್ಬ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ವಾರವಿಡೀ ಉಂಡು ಓದುತ್ತಿದ್ದ. ಮಠಗಳು ಉಚಿತ ಪ್ರಸಾದ ನಿಲಯ ನಡೆಸಿದವು, ಇವತ್ತಿಗೂ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಇದ್ದಾರೆ. ಜಾತಿ ಸಮುದಾಯಗಳು ಹಾಸ್ಟೆಲ್ ಕಟ್ಟಿದವು. ಆಮೇಲೆ ಸಮಾಜ ಕಲ್ಯಾಣ, ಬಿಸಿಎಂ ಹಾಸ್ಟೆಲ್ಲುಗಳು ಬಂದವು. ಅನ್ನ, ಸೂರು ಕೊಡುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆ ಅನ್ನದ ತಟ್ಟೆಯ ಪಕ್ಕ ಕೂರುವ ಮನುಷ್ಯನನ್ನು ತಯಾರು ಮಾಡುವ ವಿಷಯದಲ್ಲಿ ಮಾತ್ರ ನಾವು ಇನ್ನೂ ಯೋಚನೆಯನ್ನೇ ಮಾಡಿಲ್ಲ.

ಈಗ ಏನು ನಡೆಯುತ್ತಿದೆ ಅಂತ ನಿಮಗೆ ಗೊತ್ತೇ ಇದೆ. ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿ ಅನ್ನುವ ಜವಾಬ್ದಾರಿಯನ್ನು ಒಬ್ಬ ಕನ್ನಡ ಮೇಷ್ಟ್ರಿಗೋ, ಇತಿಹಾಸದ ಮೇಡಂಗೋ ವಹಿಸಲಾಗುತ್ತದೆ. ಅವರಿಗೆ ವಾರದ ಪಾಠ ಹಾಗೇ ಇರುತ್ತದೆ. ಅದರ ಮೇಲೆ ಎನ್‌ಎಸ್‌ಎಸ್, ಆ್ಯಂಟಿ ರ‍್ಯಾಗಿಂಗ್ ಸಮಿತಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡಬೇಕಾದ ಫೈಲು. ಅವರಲ್ಲಿ ಎಷ್ಟೋ ಜನ ತಮ್ಮ ಜೇಬಿನಿಂದ ಮಕ್ಕಳ ಫೀಸು ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಮೇಲೆ ನನ್ನ ದೂರಿಲ್ಲ. ಯಾರೂ ಕಲಿಸದ ಕೆಲಸವನ್ನು ಅವರು ಮನಸ್ಸಿಟ್ಟು ಮಾಡುತ್ತಿದ್ದಾರೆ. ಹಾಸ್ಟೆಲ್ ವಾರ್ಡನ್ನುಗಳೂ ಅಷ್ಟೆ. ಪರೀಕ್ಷೆ ಬರೆದು ಆಯ್ಕೆಯಾಗಿ ಬರುತ್ತಾರೆ. ಬಂದ ದಿನವೇ ಬೀಗದ ಕೈ ಗೊಂಚಲು, ಸ್ಟಾಕ್ ರಿಜಿಸ್ಟರ್, ನೂರು ಮಕ್ಕಳು.

ಬಿ.ಇಡಿ.ಗೆ ಹೋಲಿಸಿ ನೋಡಿ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯಲ್ಲೇ ಇದ್ದು ಕಲಿಯಬೇಕು. ಮುಕ್ಕಾಲು ಗಂಟೆಯ ಪಾಠ ಮಾಡುವವರಿಗೆ 20 ವಾರ. ನರ್ಸಿಂಗ್ ಓದುವವರು ಆಸ್ಪತ್ರೆಯ ವಾರ್ಡಿನಲ್ಲೇ ಬೆಳೆಯುತ್ತಾರೆ. ಪಾಠ ಮುಗಿದ ಮೇಲೆ, ಸಂಜೆಯಿಂದ ಬೆಳಗಿನವರೆಗೆ ಅದೇ ಮಕ್ಕಳ ಜೊತೆ ಇರುವವರಿಗೆ ಒಂದು ವಾರವೂ ಇಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇನ್ನು ಕಾಯುವ ಹಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಈ ಸಂಖ್ಯೆ ಬರೆಯುವಾಗ ನನಗೆ ಆ ಹನ್ನೆರಡನೇ ರೂಮಿನ ಬಾಗಿಲು ನೆನಪಾಗುತ್ತದೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಅದೇ ವರ್ಷ ಜುಲೈ 25ರಂದು ಇನ್ನೊಂದು ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಬೇಕು. ಅವರಿಗೆ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಆಗಿರಬೇಕು. ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು.

ಒಳ್ಳೆಯ ಆದೇಶ. ಆದರೆ ಇಷ್ಟು ಜನ ಎಲ್ಲಿಂದ ಬರುತ್ತಾರೆ? ಸರ್ಟಿಫಿಕೇಟ್ ಇರುವವರು ಸಿಗುತ್ತಾರೆ. ಒಬ್ಬ ವಿದ್ಯಾರ್ಥಿಯ ಎದುರು ಕೂತು ಮಾತಾಡಿ ಅನುಭವ ಇರುವವರು ಸಿಗುವುದು ಕಷ್ಟ. ನಮ್ಮ ಕಾಲೇಜಿಗೆ ಸಂದರ್ಶನಕ್ಕೆ ಬಂದವರಿಗೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. 'ನೀವು ಇದುವರೆಗೆ ಎಷ್ಟು ವಿದ್ಯಾರ್ಥಿಗಳ ಜೊತೆ, ಒಬ್ಬೊಬ್ಬರ ಜೊತೆ, ಅರ್ಧ ಗಂಟೆ ಕೂತು ಮಾತಾಡಿದ್ದೀರಿ?' ಒಳ್ಳೆ ಅಂಕ ತೆಗೆದ ಮಕ್ಕಳೂ ತಲೆ ತಗ್ಗಿಸುತ್ತಾರೆ. ತಪ್ಪು ಅವರದಲ್ಲ. ಯಾರೂ ಅವರಿಗೆ ಆ ಕುರ್ಚಿ ಕೊಟ್ಟಿಲ್ಲ.

ನಮಗೆ ದಾರಿ ಗೊತ್ತಿಲ್ಲ ಅಂತಲ್ಲ. ಸಮಾಜ ಕಾರ್ಯ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ಸುಮಾರು 90 ವರ್ಷ ಆಯಿತು. ಮುಂಬೈಯಲ್ಲಿ 1936ರಲ್ಲಿ ಶುರುವಾದ ಸರ್ ದೊರಾಬ್ಜಿ ಟಾಟಾ ಶಾಲೆಯೇ ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್). ನಮ್ಮಲ್ಲಿ ಮಂಗಳೂರಿನ ಸಮಾಜ ಕಾರ್ಯ ಕಾಲೇಜು ರೋಶನಿ ನಿಲಯ 1960ರಿಂದ ಇದೆ. ಈ ಕೋರ್ಸಿನ ಜೀವಾಳವೇ ಕ್ಷೇತ್ರಕಾರ್ಯ. ಎಂಎಸ್‌ಡಬ್ಲ್ಯು ಮಾಡಿದವರನ್ನು ಕೇಳಿ, 'ಫೀಲ್ಡ್ ವರ್ಕ್' ಅಂದ ಕೂಡಲೇ ಮುಖ ಅರಳುತ್ತದೆ, ಇಲ್ಲ ಬಾಡುತ್ತದೆ. ವಾರಕ್ಕೆ ಎರಡು ದಿನ ಒಂದು ಸಂಸ್ಥೆಗೆ ಹೋಗಬೇಕು. ಕೆಲಸ ಮಾಡಬೇಕು. ವರದಿ ಬರೆಯಬೇಕು. ಮೇಲ್ವಿಚಾರಕರ ಜೊತೆ ಕೂತು ಆ ವರದಿಯನ್ನು ಚರ್ಚಿಸಬೇಕು. ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದು ತಿಂಗಳು ಸತತವಾಗಿ ಒಂದೇ ಸಂಸ್ಥೆಯಲ್ಲಿ ಕೆಲಸ.

ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಪದ್ಧತಿ ಇಲ್ಲ. ನಡೆಯುವುದು ಹೇಗೆ? ನನ್ನ ಮೊದಲ ಸೆಮಿಸ್ಟರ್ ಒಂದು ಸಂಸ್ಥೆಯಲ್ಲಿ ಕಳೆಯಿತು. ಬೆಳಿಗ್ಗೆ ಹೋಗಿ ಸಹಿ ಹಾಕುತ್ತಿದ್ದೆವು. ಬ್ಯಾನರ್ ಕಟ್ಟುತ್ತಿದ್ದೆವು, ಕಾರ್ಯಕ್ರಮಕ್ಕೆ ಬಂದವರಿಗೆ ಟೀ ಕೊಡುತ್ತಿದ್ದೆವು. ಸಂಜೆ ಬಂದು ನಾಲ್ಕು ಪುಟ ವರದಿ ಬರೆಯುತ್ತಿದ್ದೆವು. ಸೆಮಿಸ್ಟರ್ ಮುಗಿದಾಗ ಒಬ್ಬ ಮನುಷ್ಯನ ಜೊತೆಗೂ ನಾನು ಕೆಲಸದ ಮಾತು ಆಡಿರಲಿಲ್ಲ.

ಮೂರನೇ ಸೆಮಿಸ್ಟರ್‌ನಲ್ಲಿ ಒಬ್ಬ ಮೇಡಂ ನನ್ನ ಮೇಲ್ವಿಚಾರಕಿಯಾಗಿ ಬಂದರು. ಒಂದು ಪ್ರೌಢಶಾಲೆಗೆ ಕಳಿಸಿದ್ದರು. ಅಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗನ ಜೊತೆ ಮಾತಾಡಿ, ಅವನು ಹೇಳಿದ್ದನ್ನೆಲ್ಲ ಮೂರು ಪುಟ ಬರೆದುಕೊಂಡು ಹೋದೆ. ಮೇಡಂ ಪೂರ್ತಿ ಓದಿದರು. ಕೆಂಪು ಪೆನ್ನಿನಲ್ಲಿ ಅಂಚಿನಲ್ಲಿ ಬರೆದರು: 'ಹುಡುಗ ಏನು ಹೇಳಿದ ಅಂತ ಇದೆ. ನೀನು ಏನು ಹೇಳಿದೆ?' ಮುಂದಿನ ವಾರದಿಂದ ನನ್ನ ಮಾತನ್ನೂ ಬರೆಯಬೇಕಾಯಿತು, ಇದ್ದದ್ದು ಇದ್ದ ಹಾಗೆ. ಬರೆದು ನೋಡಿದಾಗಲೇ ಗೊತ್ತಾಗಿದ್ದು. ಅವನು ಅಪ್ಪನ ಕುಡಿತದ ಬಗ್ಗೆ ಬಾಯಿ ಬಿಟ್ಟ ಕೂಡಲೇ ನಾನು ಪರೀಕ್ಷೆಯ ವಿಷಯ ಎತ್ತಿದ್ದೆ. ಒಂದಲ್ಲ, ಮೂರು ಸಲ. ನನಗೇ ಆ ಮಾತು ಕೇಳಲು ಭಯ ಇತ್ತು. ಆ ಕೆಂಪು ಸಾಲು ನನಗೆ ಕಲಿಸಿದಷ್ಟು ಇಡೀ ಕೋರ್ಸಿನಲ್ಲಿ ಬೇರೆ ಯಾವುದೂ ಕಲಿಸಲಿಲ್ಲ. ಆ ನೋಟ್‌ಬುಕ್ ಇನ್ನೂ ನನ್ನ ಬೀರುವಿನಲ್ಲಿದೆ.

ಕೈಯಾರೆ ಕಲಿಯುವುದು ಅಂದರೆ ನನ್ನ ಲೆಕ್ಕದಲ್ಲಿ ಇದೇ. ಸುಮ್ನೆ ಜಾಗಕ್ಕೆ ಕಳಿಸಿದರೆ ಆಗುವುದಿಲ್ಲ. ಮಾಡಿದ್ದನ್ನು ಯಾರಾದರೂ ಹತ್ತಿರದಿಂದ ನೋಡಬೇಕು, ಕೇಳಬೇಕು, ಮತ್ತೆ ಮಾಡಿಸಬೇಕು.

ಮಾನ್ಯರೇ, ಒಂದು ವಿಷಯ ನನ್ನನ್ನು ಬಹಳ ವರ್ಷದಿಂದ ಕಾಡುತ್ತಿದೆ. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಮಾಜ ಕಾರ್ಯ ವಿಭಾಗ ಇದೆ. ಮನಶ್ಶಾಸ್ತ್ರ ವಿಭಾಗ ಇದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾಸ್ಟೆಲ್ಲುಗಳಿವೆ, ವಿದ್ಯಾರ್ಥಿ ಕಲ್ಯಾಣ ಕಚೇರಿ ಇದೆ. ವಾರಕ್ಕೆ ಎರಡು ದಿನ ಎಂಎಸ್‌ಡಬ್ಲ್ಯು ಮಕ್ಕಳು ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿ ದೂರದ ಸಂಸ್ಥೆಗಳಿಗೆ ಹೋಗುತ್ತಾರೆ. ಅದೇ ದಿನ ಅವರದೇ ಕ್ಯಾಂಪಸ್ಸಿನ ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗ ಮೂರು ದಿನದಿಂದ ಕ್ಲಾಸಿಗೆ ಹೋಗದೆ ಗೋಡೆ ನೋಡುತ್ತಾ ಮಲಗಿರುತ್ತಾನೆ. ಅವನನ್ನು ಕೇಳುವವರು ಇಲ್ಲ. ಹಳ್ಳಿಗೆ, ಸ್ಲಮ್ಮಿಗೆ, ಆಸ್ಪತ್ರೆಗೆ ಹೋಗುವುದು ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಬೇಕೇ ಬೇಕು. ಆದರೆ ನಾಲ್ಕು ಸೆಮಿಸ್ಟರ್‌ಗಳಲ್ಲಿ ಒಂದನ್ನಾದರೂ ಇಲ್ಲಿಗೆ ಕೊಡಬಾರದೇ?

ಅಮೆರಿಕದಲ್ಲಿ ಈ ಕೆಲಸಕ್ಕೆ ಒಂದು ಹೆಸರಿದೆ, ಸ್ಟೂಡೆಂಟ್ ಅಫೇರ್ಸ್. ಅದಕ್ಕೇ ಅಂತ ಎರಡು ವರ್ಷದ ಮಾಸ್ಟರ್ಸ್ ಪದವಿ ಇದೆ. ಈ ಕೆಲಸ ಮಾಡುವವರ ಸಂಘಗಳಿಗೆ ನೂರು ವರ್ಷ ದಾಟಿದೆ. ನಾಸ್ಪಾ 1919ರದ್ದು, ಎಸಿಪಿಎ 1924ರದ್ದು. ವಿದ್ಯಾರ್ಥಿ ಅಂದರೆ ಬರೀ ತಲೆಯಲ್ಲ, ಅವನನ್ನು ಇಡಿಯಾಗಿ ನೋಡಬೇಕು ಅಂತ ಅಲ್ಲಿನ ಶಿಕ್ಷಣ ಮಂಡಳಿಯೊಂದು 1937ರಲ್ಲೇ ವರದಿ ಹೊರಡಿಸಿತ್ತು. ಈ ಪದವಿಗೆ ಸಿಎಎಸ್ ಅನ್ನುವ ಸಂಸ್ಥೆ ಮಾನದಂಡ ಹಾಕಿಕೊಟ್ಟಿದೆ. ಮೇಲ್ವಿಚಾರಣೆಯಲ್ಲಿ ಕನಿಷ್ಠ 300 ಗಂಟೆ ಕೆಲಸ ಮಾಡಿ ಕಲಿತಿರಬೇಕು, ಅದೂ ಎರಡು ಬೇರೆ ಬೇರೆ ಜಾಗಗಳಲ್ಲಿ.

ನಮ್ಮದೇ ವಿಭಾಗದಲ್ಲಿ ಓದಿದ, ನನಗಿಂತ ಚಿಕ್ಕವಳಾದ ಗೆಳತಿಯೊಬ್ಬಳು ಅಲ್ಲಿಗೆ ಹೋಗಿ ಆ ಪದವಿ ಮಾಡಿದಳು. ವಾರಕ್ಕೆ 20 ಗಂಟೆ ಹಾಸ್ಟೆಲ್ ಕಚೇರಿಯಲ್ಲಿ ಅಸಿಸ್ಟೆಂಟ್‌ಶಿಪ್. ಅದಕ್ಕೆ ಫೀಸು ಮಾಫಿ, ಕೈಗೆ ಸ್ವಲ್ಪ ಸಂಬಳ. ಬೆಳಿಗ್ಗೆ ಕ್ಲಾಸಿನಲ್ಲಿ ಓದಿದ್ದನ್ನು ಸಂಜೆ ಹಾಸ್ಟೆಲ್ಲಿನಲ್ಲಿ ಮಾಡಿ ನೋಡಬಹುದಿತ್ತು. ಸರದಿ ಬಂದ ರಾತ್ರಿ ಡ್ಯೂಟಿ ಫೋನ್ ಅವಳ ತಲೆದಿಂಬಿನ ಪಕ್ಕ. ವಾರಕ್ಕೊಂದು ಗಂಟೆ ಹಿರಿಯರೊಬ್ಬರ ಜೊತೆ ಕೂತು, ಆ ವಾರ ಏನು ಮಾಡಿದೆ, ಯಾಕೆ ಮಾಡಿದೆ ಅಂತ ಮಾತಾಡಬೇಕು. ಆ ಗಂಟೆ ಯಾವ ಕಾರಣಕ್ಕೂ ತಪ್ಪುತ್ತಿರಲಿಲ್ಲವಂತೆ.

ಅವಳು ಹೇಳಿದ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಕಾಲೇಜು ಶುರುವಾಗುವ ಮೊದಲು, ಖಾಲಿ ಹಾಸ್ಟೆಲ್ಲಿನಲ್ಲಿ ಒಂದು ದಿನ. ಹಳೇ ಸಿಬ್ಬಂದಿ ಒಂದೊಂದು ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಏನು ಸಮಸ್ಯೆ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಹೋಗಿ ಬಾಗಿಲು ತಟ್ಟಬೇಕು. ಒಂದು ರೂಮಿನಲ್ಲಿ ಕುಡಿದ ಹುಡುಗ, ಇನ್ನೊಂದರಲ್ಲಿ ಅಳುವ ಹುಡುಗಿ, ಮತ್ತೊಂದರಲ್ಲಿ ಇಬ್ಬರ ಜಗಳ. ಆಮೇಲೆ ಎಲ್ಲರೂ ಕೂತು ಎಲ್ಲಿ ಎಡವಿದೆವು ಅಂತ ಮಾತಾಡುತ್ತಾರೆ.

ಎರಡು ವರ್ಷದ ಹಿಂದೆ ನಾವೂ ಮಾಡಿದೆವು. ಮೂವರು ವಾರ್ಡನ್ನುಗಳು, ಇಬ್ಬರು ಎಂಎಸ್‌ಡಬ್ಲ್ಯು ವಿದ್ಯಾರ್ಥಿನಿಯರು, ಒಳಗೆ ನಟಿಸಲು ಐದಾರು ಸೀನಿಯರ್ ಹುಡುಗಿಯರು. ಸನ್ನಿವೇಶಗಳನ್ನು ಆ ಹುಡುಗಿಯರೇ ಬರೆದರು, ತಾವು ಕಂಡಿದ್ದನ್ನೇ. ಒಂದು ಹೀಗಿತ್ತು. ರೂಂಮೇಟ್ ಒಬ್ಬಳು ಇನ್ನೊಬ್ಬಳಿಗೆ 'ನಿಂಗೇನಮ್ಮ, ನಿಂದು ಕೋಟಾ ಸೀಟು' ಅಂದಿದ್ದಾಳೆ. ನಮ್ಮ ಎಂಎಸ್‌ಡಬ್ಲ್ಯು ಹುಡುಗಿ ಒಳಗೆ ಹೋದಳು. ಕೋಪ ಬಂತು ಅವಳಿಗೆ, ಬರಬೇಕಾದ್ದೇ. ಹಾಗೆ ಅಂದವಳಿಗೆ ಸಂವಿಧಾನ, ಕಾನೂನು, ಶಿಕ್ಷೆ ಎಲ್ಲ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಮಂಚದ ಮೇಲೆ ಕೂತಿದ್ದ ಇನ್ನೊಬ್ಬಳು ನಟನೆ ನಿಲ್ಲಿಸಿದಳು. 'ಅಕ್ಕಾ, ನೀವು ಅವಳಿಗೆ ಬೈದ್ರಿ. ನನ್ನ ಕಡೆ ಒಂದು ಸಲಾನೂ ನೋಡ್ಲಿಲ್ಲ' ಅಂದಳು.

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಹಾಗೆ ಹೇಳಿದ ಹುಡುಗಿಗೆ ಆ ಮಾತು ಮೊದಲ ವರ್ಷದಲ್ಲಿ ನಿಜವಾಗಿಯೂ ಕೇಳಬೇಕಾಗಿ ಬಂದಿತ್ತು ಅಂತ ನಮಗೆ ಆಮೇಲೆ ಗೊತ್ತಾಯಿತು. ಎಂಎಸ್‌ಡಬ್ಲ್ಯು ಹುಡುಗಿ ಹೊರಗೆ ಬಂದು ಕಣ್ಣೊರೆಸಿಕೊಂಡಳು. ಮತ್ತೆ ಒಳಗೆ ಹೋದಳು. ಈ ಸಲ ಮೊದಲು ಮಂಚದ ಹತ್ತಿರ ಹೋಗಿ, ಅವಳ ಪಕ್ಕ ಕೂತಳು. ಆ ದಿನಕ್ಕೆ ನಮಗಾದ ಖರ್ಚು ಮಧ್ಯಾಹ್ನದ ಚಿತ್ರಾನ್ನ ಮತ್ತು ಎರಡು ಸಲ ಕಾಫಿ.

ಅಮೆರಿಕದ್ದೆಲ್ಲ ನಮಗೆ ಬೇಕು ಅಂತಲ್ಲ. ಅಲ್ಲಿನ ಫೀಸಿನ ಭಾರವೇ ಬೇರೆ. ಅಸಿಸ್ಟೆಂಟ್‌ಗಳನ್ನು ಕಡಿಮೆ ಸಂಬಳಕ್ಕೆ ಜಾಸ್ತಿ ದುಡಿಸಿಕೊಳ್ಳುತ್ತಾರೆ ಅನ್ನುವ ದೂರು ಅಲ್ಲೂ ಇದೆ. ಇಲ್ಲಿ ಆ ಅಪಾಯ ಇನ್ನೂ ಜಾಸ್ತಿ. ತರಬೇತಿಗೆ ಬಂದ ಮಕ್ಕಳನ್ನು ನ್ಯಾಕ್ ಫೈಲ್ ಜೋಡಿಸಲು, ಡೇಟಾ ಎಂಟ್ರಿ ಮಾಡಲು ಕೂರಿಸಿಬಿಟ್ಟರೆ ನನ್ನ ಬ್ಯಾನರ್ ಕಟ್ಟಿದ ಸೆಮಿಸ್ಟರ್ ಮತ್ತೆ ಬಂದ ಹಾಗೆ. ಅವರ ಕೆಲಸ ಏನು, ಏನಲ್ಲ ಅಂತ ಮೊದಲೇ ಬರೆದು ಕೊಡಬೇಕು.

ಗಂಟೆಗಳ ಲೆಕ್ಕ ದೊಡ್ಡದಲ್ಲ. ವಾರಕ್ಕೆ ಎರಡು ದಿನ ಅಂದರೆ ಸುಮಾರು 15 ಗಂಟೆ. 16 ವಾರದ ಒಂದು ಸೆಮಿಸ್ಟರ್‌ಗೆ 240 ಗಂಟೆ. ಎರಡು ಸೆಮಿಸ್ಟರ್ ಕೊಟ್ಟರೆ 480. ಸಿಲೆಬಸ್ಸಿಗೆ ಹೊಸ ಪೇಪರ್ ಸೇರಿಸಬೇಕಿಲ್ಲ, ಈಗಾಗಲೇ ಇರುವ ಕ್ಷೇತ್ರಕಾರ್ಯದ ಗಂಟೆಗಳೇ ಸಾಕು. ಜಾಗ ಮಾತ್ರ ಬದಲಾಗಬೇಕು. ಒಂದು ಸೆಮಿಸ್ಟರ್ ಹಾಸ್ಟೆಲ್ಲಿನಲ್ಲಿ ಇದ್ದವರು ಇನ್ನೊಂದನ್ನು ಕಲ್ಯಾಣ ಕಚೇರಿಯಲ್ಲೋ, ಸ್ಕಾಲರ್‌ಶಿಪ್ ಕೌಂಟರಿನಲ್ಲೋ, ಅಂಗವಿಕಲ ವಿದ್ಯಾರ್ಥಿಗಳ ಘಟಕದಲ್ಲೋ ಕಳೆಯಲಿ. ಎಂಎಸ್‌ಡಬ್ಲ್ಯು ಜೊತೆಗೆ ಎಂಎ, ಎಂಎಸ್ಸಿ ಮನಶ್ಶಾಸ್ತ್ರದ ಮಕ್ಕಳಿಗೂ ಇದನ್ನು ತೆರೆಯಿರಿ.

ಕಷ್ಟ ಇರುವುದು ಮೇಲ್ವಿಚಾರಣೆಯಲ್ಲಿ. ಒಬ್ಬ ಅಧ್ಯಾಪಕರಿಗೆ ಹದಿನೈದು, ಇಪ್ಪತ್ತು ಮಕ್ಕಳನ್ನು ಒಪ್ಪಿಸಿದರೆ ಆ ಕೆಂಪು ಪೆನ್ನಿನ ಸಾಲು ಬರೆಯಲು ಅವರಿಗೆ ಪುರಸೊತ್ತು ಎಲ್ಲಿರುತ್ತದೆ? ವಾರಕ್ಕೆ ಒಬ್ಬೊಬ್ಬರ ಜೊತೆ ಕೂರುವ ಸಮಯವನ್ನು ಕಾರ್ಯಭಾರದಲ್ಲಿ ಪಾಠದ ಹಾಗೆಯೇ ಲೆಕ್ಕ ಹಿಡಿಯಿರಿ. ಕ್ಯಾಂಪಸ್ಸಿನ ಅನುಭವಿ ವಾರ್ಡನ್ನುಗಳನ್ನೂ ಮೇಲ್ವಿಚಾರಕರು ಅಂತ ಗುರುತಿಸಿ, ಅವರಿಗೆ ಗೌರವಧನ ಕೊಡಿ. ನನ್ನ ಅಡುಗೆಯ ಅಕ್ಕನಂಥವರು ಪ್ರತಿ ಹಾಸ್ಟೆಲ್ಲಿನಲ್ಲೂ ಇದ್ದಾರೆ. ಹೊಸಬರನ್ನು ಅವರ ಜೊತೆ ಒಂದು ಸಂಜೆ ಕೂರಿಸಿ.

ಒಂದು ಎಚ್ಚರಿಕೆ ಬೇಕು. ತರಬೇತಿಯವರ ಕೈಗೆ ಜೀವದ ಪ್ರಶ್ನೆಯನ್ನು ಬಿಡಬಾರದು. ಸಾಯುವ ಮಾತು ಬಂದ ಕೂಡಲೇ ಯಾರಿಗೆ ಫೋನ್ ಮಾಡಬೇಕು, ಅವರು ಬರುವವರೆಗೆ ವಿದ್ಯಾರ್ಥಿಯ ಪಕ್ಕ ಹೇಗೆ ಇರಬೇಕು ಅನ್ನುವುದು ಮೊದಲ ದಿನದ ಪಾಠ ಆಗಬೇಕು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಪ್ರತಿ ರೂಮಿನ ಬಾಗಿಲ ಹಿಂದೆ ಇರಲಿ. ಹಾಗೆಯೇ ತರಬೇತಿಯವರು ತಮ್ಮದೇ ಕ್ಲಾಸಿನ, ತಮ್ಮದೇ ವಿಭಾಗದ ಮಕ್ಕಳ ವಿಷಯ ನೋಡುವುದು ಬೇಡ. ಕ್ಯಾಂಟೀನಿನಲ್ಲಿ ಮಾತು ಸೋರಿದರೆ ಆ ಹುಡುಗಿ ಇನ್ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ದುಡ್ಡಿನ ಮಾತು. ಕ್ಷೇತ್ರಕಾರ್ಯಕ್ಕೆ ಬರುವ ಎಷ್ಟೋ ಮಕ್ಕಳು ಭಾನುವಾರ ಕ್ಯಾಟರಿಂಗ್ ಕೆಲಸಕ್ಕೆ ಹೋಗಿ ಫೀಸು ಹೊಂದಿಸುವವರು. ಹಾಸ್ಟೆಲ್ಲಿನಲ್ಲಿ ಸಂಜೆ ಕೆಲಸ ಮಾಡುವವರಿಗೆ ಅಲ್ಲೇ ಊಟ ಮತ್ತು ತಿಂಗಳಿಗೆ ಒಂದು ಗೌರವಧನ ಕೊಡಿ. ರಾತ್ರಿ ಹೊತ್ತಾದರೆ ಹುಡುಗಿಯರನ್ನು ಮನೆ ಮುಟ್ಟಿಸುವ ಜವಾಬ್ದಾರಿ ವಿಶ್ವವಿದ್ಯಾಲಯದ್ದೇ ಆಗಿರಲಿ.

ಇನ್ನು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲುಗಳು ನಿಮ್ಮ ಕೈಕೆಳಗಿಲ್ಲ. ನಿಮ್ಮ ಮಕ್ಕಳು ಮಾತ್ರ ಅಲ್ಲೇ ಮಲಗುವುದು. ಈಗ ಒಬ್ಬ ತರಬೇತಿ ವಿದ್ಯಾರ್ಥಿ ಅಲ್ಲಿಗೆ ಹೋಗಬೇಕಾದರೆ ಒಂದೊಂದು ತಾಲ್ಲೂಕಿನಲ್ಲೂ ಒಂದೊಂದು ಅನುಮತಿ ಪತ್ರ ಹಿಡಿದು ಅಲೆಯಬೇಕು. ಪರಿಷತ್ತು ಆ ಎರಡೂ ಇಲಾಖೆಗಳ ಜೊತೆ ಕೂತು ಇಡೀ ರಾಜ್ಯಕ್ಕೆ ಒಂದೇ ಒಪ್ಪಂದ ಮಾಡಿಕೊಟ್ಟರೆ ಆ ಅಲೆದಾಟ ತಪ್ಪುತ್ತದೆ. ಅದೇ ಒಪ್ಪಂದದಲ್ಲಿ, ಹೊಸದಾಗಿ ನೇಮಕವಾದ ವಾರ್ಡನ್ನುಗಳು ಬೀಗದ ಕೈ ತೆಗೆದುಕೊಳ್ಳುವ ಮೊದಲು ಹದಿನೈದು ದಿನ ಒಬ್ಬ ಹಿರಿಯ ವಾರ್ಡನ್ ಜೊತೆ ಇರಬೇಕು ಅಂತಲೂ ಸೇರಿಸಿ.

ಇದೆಲ್ಲ ಒಂದೇ ವರ್ಷದಲ್ಲಿ ಎಲ್ಲ ಕಡೆ ಆಗಲಿ ಅಂತ ನಾನು ಕೇಳುತ್ತಿಲ್ಲ. ಎರಡು ವಿಶ್ವವಿದ್ಯಾಲಯಗಳು ಮುಂದೆ ಬರಲಿ. ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಕ್ಷೇತ್ರಕಾರ್ಯದ ಸಂಸ್ಥೆಗಳ ಪಟ್ಟಿ ಬಂದಾಗ, ಆ ಪಟ್ಟಿಗೆ ಒಂದು ಸಾಲು ಸೇರಿಸಿ: ನಮ್ಮ ಹಾಸ್ಟೆಲ್ಲುಗಳು, ನಮ್ಮ ವಿದ್ಯಾರ್ಥಿ ಕಲ್ಯಾಣ ವಿಭಾಗ.

ನಮ್ಮ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಆಫೀಸಿನ ಪಕ್ಕ ಒಂದು ಸಣ್ಣ ಕೋಣೆ ಖಾಲಿ ಇದೆ. ಪ್ರಾಂಶುಪಾಲರು ಒಪ್ಪಿದ್ದಾರೆ. ಸುಣ್ಣ ಹೊಡೆಸಿ, ಒಂದು ಮೇಜು, ಮೂರು ಕುರ್ಚಿ ಹಾಕಿಸಿದ್ದೇವೆ. ಎರಡು ಕುರ್ಚಿ ತರಬೇತಿಗೆ ಬರುವವರಿಗೆ, ಒಂದು ಮಾತಾಡಲು ಬರುವವರಿಗೆ. ಮಂಗಳವಾರ ಮತ್ತು ಗುರುವಾರ ಸಂಜೆ ನಾಲ್ಕರಿಂದ ಎಂಟರವರೆಗೆ ನಾನು ಅಲ್ಲೇ ಇರುತ್ತೇನೆ. ಅವರು ಬರೆದದ್ದನ್ನು ಓದುತ್ತೇನೆ, ಕೆಂಪು ಪೆನ್ನೂ ಇಟ್ಟುಕೊಂಡಿದ್ದೇನೆ. ಈ ಸೆಮಿಸ್ಟರ್‌ಗೆ ಇಬ್ಬರನ್ನು ಕಳಿಸಿಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ಕಾಲೇಜೊಂದರ ಆಪ್ತಸಮಾಲೋಚಕಿ